ಅಫ್ರೊರ್ಮೋಸಿಯಾ ಮರವನ್ನು ಬೀಜದಿಂದ ಬೆಳೆಸಬೇಕೇ, ಕಡ್ಡಿಯಿಂದಲೇ?

ಬೀಜ ಸಿಗುವುದಾದರೆ ಬೀಜವೇ ಸುಲಭ. ಅವರೆ, ತೊಗರಿಗಳ ಕುಟುಂಬಕ್ಕೆ ಸೇರಿದ ಈ ಮರ (ಪೆರಿಕಾಪ್ಸಿಸ್ ಇಲೇಟಾ) ಐವರಿ ಕೋಸ್ಟ್, ಘಾನಾಗಳಿಂದ ಕಾಂಗೋವರೆಗಿನ ಕಾಡುಗಳಲ್ಲಿ ಅಲ್ಲಲ್ಲಿ ಮಾತ್ರ ಉಳಿದಿದೆ. ತೇಗಕ್ಕೆ ಬದಲಾಗಿ ವಿಪರೀತ ಕಡಿದು ಮಾರಿದ್ದರಿಂದ 1992ರಲ್ಲಿ ಅದನ್ನು ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಲಾಯಿತು.

ಇದರ ಚಪ್ಪಟೆ ಕಾಯಿ ತಾನಾಗಿ ಬಿರಿಯುವುದಿಲ್ಲವಾದ್ದರಿಂದ ಅಂಚನ್ನು ಸೀಳಿ, ಒಳಗಿರುವ ಕೆಲವೇ ಬೀಜಗಳನ್ನು ತೆಗೆದು, ನೀರು ಬಸಿಯುವ ಮಣ್ಣಿನಲ್ಲಿ ತಡಮಾಡದೆ ಬಿತ್ತಬೇಕು. ಎಳೆಯ ಸಸಿಗೆ ತೆಳುವಾದ ನೆರಳು ಸಾಕು, ಆಮೇಲೆ ಬಿಸಿಲು ಬೇಕೇ ಬೇಕು. ದಟ್ಟ ಕಾಡಿನ ನೆರಳಿನಲ್ಲಿ ಸಸಿಗಳು ಬದುಕಿ ಮೇಲೇಳದಿರುವುದೇ ಈ ಮರ ತನ್ನ ನೆಲದಲ್ಲೂ ವಿರಳವಾಗಲು ಒಂದು ಕಾರಣ. ಸಸಿಮಡಿಯಲ್ಲಿ ಎಲೆ ತಿನ್ನುವ ಲ್ಯಾಂಪ್ರೊಸೀಮಾ ಹುಳುವಿನ ಮೇಲೂ ಕಣ್ಣಿಡಬೇಕು.

ಬೀಜ ಸಿಗದಿದ್ದಾಗ ಕಡ್ಡಿಯೂ ನಡೆಯುತ್ತದೆ, ಆದರೆ ಬಲಿತ ಮರದ ಕೊಂಬೆಯನ್ನು ನಾನು ನೆಚ್ಚುವುದಿಲ್ಲ. ಎಳೆಯ ಸಸಿಯ ಅಥವಾ ಕಡಿದ ಮೋಟಿನಿಂದ ಒಡೆದ ಚಿಗುರನ್ನು ಒಂದೊಂದು ಗಣ್ಣಿಗೆ ಕತ್ತರಿಸಿ, ಎಲೆಯನ್ನು ಅರ್ಧಕ್ಕೆ ಮೊಟಕುಗೊಳಿಸಿ, ಬುಡಕ್ಕೆ ಬೇರು ಬರಿಸುವ ಐಬಿಎ ಪುಡಿ ಹಚ್ಚಿ ಮರಳಿಗೆ ಊರಿ, ಪಾಲಿಥೀನ್ ಹೊದಿಸಿದ ಪೆಟ್ಟಿಗೆಯೊಳಗೆ ತೇವ ಆರದಂತೆ ಇಡಬೇಕು.