ಹೈಸ್ಕೂಲ್ ಫ್ರೆಂಚ್ ಕ್ಲಬ್‌ಗೆ ಇಡೀ ವರ್ಷದ ಕಾರ್ಯಕ್ರಮ ಹೇಗೆ ಹಾಕಿಕೊಳ್ಳಬೇಕು?

ವಾರಕ್ಕೊಂದು ಹೊಸ ಚಟುವಟಿಕೆ ಬೇಕು, ಯಾರಿಗೂ ಬೇಜಾರಾಗಬಾರದು, ಮಧ್ಯದಲ್ಲಿ ಯಾರೂ ಬಿಟ್ಟುಹೋಗಬಾರದು ಅಂತ ಬರೆದಿದ್ದೀರಿ. ಹಬ್ಬ ಮಾಡೋದಾ, ಸಿನಿಮಾ ತೋರಿಸೋದಾ, ಪರೀಕ್ಷೆಗೆ ತಯಾರಿ ಮಾಡಿಸೋದಾ ಅಂತಲೂ ಕೇಳಿದ್ದೀರಿ. ಓದುತ್ತಿದ್ದ ಹಾಗೆ ನನ್ನ ನೀಲಿ ರಟ್ಟಿನ ನೋಟ್‌ಬುಕ್ ಕಣ್ಣ ಮುಂದೆ ಬಂತು. ನಮ್ಮ ಹೈಸ್ಕೂಲಿನ ಫ್ರೆಂಚ್ ಕ್ಲಬ್‌ಗೆ ನಾನು ಮುಖ್ಯಸ್ಥ ಸ್ಥಾನದಲ್ಲಿದ್ದ ಮೊದಲ ವರ್ಷ ಅದರಲ್ಲಿ ಮೂವತ್ತೆರಡು ವಾರಕ್ಕೆ ಮೂವತ್ತೆರಡು ಸಾಲು ಬರೆದಿದ್ದೆ. ಒಂದು ಸಾಲೂ ಎರಡನೇ ಸಲ ಬಂದಿರಲಿಲ್ಲ. ಅದೇ ನನ್ನ ಹೆಮ್ಮೆ.

ಪಟ್ಟಿ ಚೆನ್ನಾಗಿಯೇ ಇತ್ತು. ಸೆಪ್ಟೆಂಬರ್ 26 ಯುರೋಪಿಯನ್ ಭಾಷೆಗಳ ದಿನ, 2001ರಿಂದ ನಡೆದುಬಂದಿದೆ. ಆವತ್ತು ಇಪ್ಪತ್ತು ಭಾಷೆಯಲ್ಲಿ ‘ನಮಸ್ಕಾರ’ ಬರೆದು ಗೋಡೆಗೆ ಅಂಟಿಸಿದೆವು. ನವೆಂಬರ್‌ನಲ್ಲಿ ಫ್ರೆಂಚ್ ಮಾತಾಡುವ ದೇಶಗಳ ದೊಡ್ಡ ನಕ್ಷೆ. ಡಿಸೆಂಬರ್‌ನಲ್ಲಿ ಹಾಡು. ಫೆಬ್ರವರಿ 2ಕ್ಕೆ ಶಾಂದ್ಲರ್ ಹಬ್ಬ: ಒಂದು ಕೈಯಲ್ಲಿ ನಾಣ್ಯ ಹಿಡಿದು ಇನ್ನೊಂದು ಕೈಯಿಂದ ಬಾಣಲೆಯ ಕ್ರೆಪ್ (ತೆಳು ದೋಸೆಯಂಥದ್ದು) ಅನ್ನು ಗಾಳಿಗೆ ಹಾರಿಸಿ ಮಗುಚಬೇಕು, ಕೆಳಗೆ ಬೀಳದಿದ್ದರೆ ವರ್ಷವಿಡೀ ಕೈಯಲ್ಲಿ ಹಣ ಓಡಾಡುತ್ತದೆ ಅಂತ ಅವರ ನಂಬಿಕೆ. ಎಲ್ಲರೂ ನಕ್ಕರು, ಫೋಟೊ ತೆಗೆದರು. ಶುರುವಿನಲ್ಲಿ ಇಪ್ಪತ್ನಾಲ್ಕು ಜನ ಸೇರಿದ್ದರು. ಫೆಬ್ರವರಿಯಲ್ಲೂ ಇಪ್ಪತ್ನಾಲ್ಕು ಜನ ಇದ್ದರು. ಕ್ಲಬ್ ಗಟ್ಟಿಯಾಗಿದೆ ಅಂದುಕೊಂಡೆ.

ಆಮೇಲೆ ಮಾರ್ಚ್ 20 ಬಂತು.

ಅದು ಫ್ರೆಂಚ್ ಮಾತಾಡುವ ದೇಶಗಳೆಲ್ಲ ಆಚರಿಸುವ ದಿನ. 1970ರ ಮಾರ್ಚ್ 20ರಂದು ನೈಜರ್ ದೇಶದ ನಿಯಾಮೆಯಲ್ಲಿ ಆ ದೇಶಗಳು ಒಪ್ಪಂದಕ್ಕೆ ಸಹಿ ಹಾಕಿ ಒಂದು ಒಕ್ಕೂಟ ಕಟ್ಟಿದವು, ಅದರ ನೆನಪಿಗೆ. ನಾವು ಒಂದು ಪುಟ್ಟ ನಾಟಕ ಆಡಿದೆವು. ಮಾತುಗಳನ್ನು ನಾನು ನಾಲ್ಕೇ ಜನಕ್ಕೆ ಕೊಟ್ಟೆ. ಚೆನ್ನಾಗಿ ಮಾತಾಡುವ ನಾಲ್ಕು ಜನ. ಉಳಿದ ಇಪ್ಪತ್ತು ಜನಕ್ಕೆ ಪರದೆ, ಪೋಸ್ಟರ್, ಕುರ್ಚಿ ಜೋಡಿಸುವ ಕೆಲಸ. ಮುಖ್ಯೋಪಾಧ್ಯಾಯರು ಬರುತ್ತಾರೆ, ಹೊರಗಿನಿಂದ ಅತಿಥಿ ಬರುತ್ತಾರೆ, ಎಲ್ಲೂ ತಡವರಿಸಬಾರದು ಅಂತ.

ಅತಿಥಿ ಸೆನೆಗಲ್‌ನವರು, ನಿವೃತ್ತ ಮೇಷ್ಟ್ರು. ನಾಟಕ ಮುಗಿದ ಮೇಲೆ ಅವರು ವೇದಿಕೆ ಕಡೆ ಹೋಗಲಿಲ್ಲ. ಸೀದಾ ಗೋಡೆ ಹತ್ತಿರ ಹೋಗಿ ನಕ್ಷೆ ನೋಡುತ್ತಾ ನಿಂತರು. ಅದನ್ನು ಬರೆದವಳು ನನ್ನ ಗೆಳತಿ. ಇಡೀ ವರ್ಷ ಎಲ್ಲರಿಗಿಂತ ಮೊದಲು ಬಂದು ಎರಡನೇ ಬೆಂಚಿನ ಕೊನೆಯಲ್ಲಿ ಕೂರುತ್ತಿದ್ದವಳು. ಒಂದು ದಿನವೂ ತಪ್ಪಿಸಿರಲಿಲ್ಲ. ಅವರು ನಕ್ಷೆಯಲ್ಲಿ ತಮ್ಮ ದೇಶದ ಮೇಲೆ ಬೆರಳಿಟ್ಟು, ಅವಳ ಕಡೆ ತಿರುಗಿ, ‘ಕೊಮಾ ತು ತಪೆಲ್?’ ಅಂದರು. ನಿನ್ನ ಹೆಸರೇನು ಅಂತ.

ಅವಳು ತಲೆ ಎತ್ತಿದಳು. ತುಟಿ ಬಿಚ್ಚಿತು. ನಾನು ಪಕ್ಕದಿಂದ ‘ಎಲ್ ಸಪೆಲ್...’ ಅಂತ ಅವಳ ಹೆಸರು ಹೇಳಿಬಿಟ್ಟೆ.

ಅಷ್ಟೇ ನಡೆದದ್ದು. ಅತಿಥಿ ನಕ್ಕು ನನ್ನ ಜೊತೆ ಮಾತು ಮುಂದುವರಿಸಿದರು. ಅವಳು ಬ್ರಶ್ ತೊಳೆಯೋಕೆ ಹೋದಳು. ಸಂಜೆ ಬಾಗಿಲು ಹಾಕುವಾಗ ನನಗೆ ಒಂದೇ ಮಾತು ಹೇಳಿದಳು: ‘ನನ್ನ ಹೆಸರಾದ್ರೂ ನಾನೇ ಹೇಳ್ತಿದ್ದೆ.’

ಇದನ್ನು ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಓದುವವರಿಗೆ ಇದು ಸಣ್ಣ ವಿಷಯ ಅನಿಸಬಹುದು. ನನಗೂ ಆ ಕ್ಷಣಕ್ಕೆ ಹಾಗೇ ಅನಿಸಿತ್ತು. ನಾನು ಸಹಾಯ ಮಾಡಿದೆ ಅಂದುಕೊಂಡಿದ್ದೆ. ಅವಳಿಗೆ ಮುಜುಗರ ಆಗದಿರಲಿ ಅಂತ ಹೇಳಿದೆ ಅಂದುಕೊಂಡಿದ್ದೆ. ರಾತ್ರಿ ಕೂತು ಯೋಚಿಸಿದಾಗ ನಿಜ ಬೇರೆ ಅಂತ ಗೊತ್ತಾಯಿತು. ಆ ಮೌನ ಅವಳಿಗೆ ಭಾರ ಆಗಿರಲಿಲ್ಲ, ನನಗೆ ಭಾರ ಆಗಿತ್ತು. ಮುಖ್ಯೋಪಾಧ್ಯಾಯರು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದರು. ಏಳು ತಿಂಗಳು ಕ್ಲಬ್ ನಡೆಸಿದ ಮೇಲೂ ಹೆಸರು ಹೇಳೋಕೆ ಬರಲ್ಲವಾ ಅಂತ ಅವರು ಅಂದುಕೊಂಡರೆ? ನನ್ನ ಮರ್ಯಾದೆ ಉಳಿಸಿಕೊಳ್ಳೋಕೆ ನಾನು ಅವಳ ಬಾಯಿಂದ ಮಾತು ಕಿತ್ತುಕೊಂಡೆ.

ಅದು ಆ ಒಂದು ದಿನದ ತಪ್ಪೂ ಅಲ್ಲ. ವರ್ಷವಿಡೀ ಮಾಡುತ್ತಾ ಬಂದಿದ್ದೆ. ಏನಾದರೂ ಕೇಳುತ್ತಿದ್ದೆ, ಯಾರೂ ಮಾತಾಡುತ್ತಿರಲಿಲ್ಲ, ನಾನೇ ಉತ್ತರ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಎಷ್ಟು ಹೊತ್ತು ಕಾದೆ ಅಂತ ಲೆಕ್ಕ ಹಾಕಿದರೆ ಒಂದು ಉಸಿರು ಕೂಡ ಇರಲಿಲ್ಲ. ಇದು ನನ್ನೊಬ್ಬರ ರೋಗ ಅಲ್ಲ ಅಂತ ಎಷ್ಟೋ ವರ್ಷದ ಮೇಲೆ ತಿಳಿಯಿತು. ಮೇರಿ ಬಡ್ ರೋ ಅಂತ ಅಮೆರಿಕದ ಒಬ್ಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಇದನ್ನೇ ಅಳೆದಿದ್ದರು. ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರುಗಳು ಕಾಯುತ್ತಿದ್ದದ್ದು ಸುಮಾರು ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರ ಉದ್ದ ಆಗುತ್ತಿತ್ತು, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಿದ್ದರು. ಮೂರು ಸೆಕೆಂಡ್! ನಾನು ಅದನ್ನೂ ಕೊಟ್ಟಿರಲಿಲ್ಲ. ಅವಳಿಗೆ ‘ಜ್ಯ ಮಪೆಲ್’, ಅಂದರೆ ‘ನನ್ನ ಹೆಸರು’, ಗೊತ್ತಿರಲಿಲ್ಲ ಅಂತಲ್ಲ, ಅದು ಮೊದಲ ಪಾಠ. ಅವಳ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಇತ್ತು. ಕೈಗೆ ಬಂದ ಭಾಷೆ ಬಾಯಿಗೆ ಬರೋಕೆ ಬೇರೆಯೇ ದಾರಿ ಇದೆ, ಆ ದಾರಿಗೆ ಏಳು ತಿಂಗಳು ನಾನು ಅಡ್ಡ ನಿಂತಿದ್ದೆ.

ಮುಂದಿನ ವಾರ ಅವಳು ಬರಲಿಲ್ಲ. ಅದರ ಮುಂದಿನ ವಾರ ಅವಳ ಪಕ್ಕ ಕೂರುತ್ತಿದ್ದ ಇಬ್ಬರೂ ಬರಲಿಲ್ಲ. ವರ್ಷ ಮುಗಿಯುವಾಗ ಒಂಬತ್ತು ಜನ ಉಳಿದಿದ್ದೆವು. ಹೋದವರೆಲ್ಲ ಪರದೆ ಕಟ್ಟಿದವರು, ಪೋಸ್ಟರ್ ಬರೆದವರು. ನಾಟಕದ ನಾಲ್ಕೂ ಜನ ಉಳಿದರು. ಕ್ಲಬ್ ಇಲ್ಲದಿದ್ದರೂ ಕಲಿಯುತ್ತಿದ್ದವರು ಅವರು.

ಅದಕ್ಕೇ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪಲ್ಲ. ವಾರಕ್ಕೊಂದು ಹೊಸದು ಬೇಡ. ಹೊಸ ಆಟ ಅಂದರೆ ಹೊಸ ನಿಯಮ. ಅದನ್ನು ವಿವರಿಸೋಕೆ ಅರ್ಧ ಹೊತ್ತು ಬೇಕು, ವಿವರಿಸೋದು ನಮ್ಮ ಭಾಷೆಯಲ್ಲೇ. ನಲವತ್ತೈದು ನಿಮಿಷದಲ್ಲಿ ಫ್ರೆಂಚ್ ಕೇಳಿಸೋದು ಹತ್ತು ನಿಮಿಷ, ಅದೂ ನಿಮ್ಮ ಬಾಯಿಂದ. ಬೇಜಾರು ಬರೋದು ಒಂದೇ ಆಟ ಪದೇ ಪದೇ ಆಡೋದರಿಂದ ಅಲ್ಲ. ತನಗೆ ಇಲ್ಲಿ ಕೆಲಸ ಇಲ್ಲ ಅನ್ನಿಸಿದಾಗ ಬೇಜಾರು ಬರುತ್ತದೆ.

ಎರಡನೇ ವರ್ಷ ನಾವು ಹನ್ನೊಂದು ಜನ. ಆ ನೀಲಿ ನೋಟ್‌ಬುಕ್ ತೆಗೆಯಲೇ ಇಲ್ಲ. ಪ್ರತಿ ವಾರ ಶುರು ಒಂದೇ ಥರ. ದುಂಡಗೆ ಕೂತು ಒಬ್ಬೊಬ್ಬರೂ ಹೆಸರು ಹೇಳಬೇಕು, ಇವತ್ತು ಏನು ಮಾಡಿದೆ ಅಂತ ಒಂದು ವಾಕ್ಯ ಹೇಳಬೇಕು, ಪಕ್ಕದವರಿಗೆ ಒಂದು ಪ್ರಶ್ನೆ ಕೇಳಬೇಕು. ಆಮೇಲೆ ಚಿತ್ರದ ಆಟ. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಾರೆ, ಇಬ್ಬರ ಕೈಯಲ್ಲೂ ಹೆಚ್ಚು ಕಡಿಮೆ ಒಂದೇ ಚಿತ್ರ, ಐದು ವ್ಯತ್ಯಾಸ. ತೋರಿಸುವ ಹಾಗಿಲ್ಲ, ಮಾತಾಡಿಯೇ ಕಂಡುಹಿಡಿಯಬೇಕು. ಚಿತ್ರ ಬದಲಾಗುತ್ತದೆ, ಆಟ ಬದಲಾಗಲ್ಲ. ಕೊನೆಗೆ ಸಂಖ್ಯೆ. ಫ್ರೆಂಚ್ ಸಂಖ್ಯೆ ನಿಮಗೂ ಕಾಡಿರುತ್ತದೆ ಅಲ್ವಾ? ಎಪ್ಪತ್ತು ಅಂದರೆ ಸ್ವಸಾಂತ್ ದೀಸ್, ‘ಅರವತ್ತು ಹತ್ತು’. ಎಂಬತ್ತು ಅಂದರೆ ‘ನಾಲ್ಕು ಇಪ್ಪತ್ತು’. ತೊಂಬತ್ತು ಅಂದರೆ ‘ನಾಲ್ಕು ಇಪ್ಪತ್ತು ಹತ್ತು’. ಬೆಲ್ಜಿಯಂ, ಸ್ವಿಟ್ಜರ್ಲೆಂಡ್‌ನವರು ಎಪ್ಪತ್ತಕ್ಕೆ ಸೆಪ್ತಾಂತ್, ತೊಂಬತ್ತಕ್ಕೆ ನೊನಾಂತ್ ಅಂತ ಸುಲಭ ಮಾಡಿಕೊಂಡಿದ್ದಾರೆ. ಫ್ರಾನ್ಸಿನಲ್ಲಿ ಫೋನ್ ನಂಬರಿನ ಹತ್ತು ಅಂಕಿಗಳನ್ನು ಎರಡೆರಡಾಗಿ ಹೇಳುತ್ತಾರೆ. ಹಾಗೇ ಸುಳ್ಳು ನಂಬರ್ ಕಟ್ಟಿ ಒಬ್ಬರು ಹೇಳೋದು, ಇನ್ನೊಬ್ಬರು ಬರೆಯೋದು. ಇಡೀ ವರ್ಷ ಇದೇ. ಯಾರೂ ಬೇಜಾರು ಅನ್ನಲಿಲ್ಲ.

ಹಬ್ಬ ಪೂರ್ತಿ ಬಿಡಿ ಅಂತಲೂ ನಾನು ಹೇಳಲ್ಲ. ಸುಮ್ಮನಿರುವವರ ಬಾಯಿ ಬಿಡಿಸುವ ಹಬ್ಬ ಹುಡುಕಿ. ನಮಗೆ ಒಂದು ಸಿಕ್ಕಿತು, ಜನವರಿ 6ರ ‘ರಾಜರ ಗಾಲೆತ್’. ಕೇಕಿನೊಳಗೆ ಒಂದು ಪುಟ್ಟ ಬೊಂಬೆ ಅಥವಾ ಕಾಳು ಅಡಗಿಸಿರುತ್ತಾರೆ, ಅದು ಯಾರ ತುಂಡಿನಲ್ಲಿ ಸಿಗುತ್ತದೋ ಅವರು ರಾಜ ಇಲ್ಲವೇ ರಾಣಿ. ಮೋಸ ಆಗಬಾರದಲ್ಲ, ಅದಕ್ಕೆ ಎಲ್ಲರಿಗಿಂತ ಚಿಕ್ಕವರು ಮೇಜಿನ ಕೆಳಗೆ ಕೂತು ಯಾವ ತುಂಡು ಯಾರಿಗೆ ಅಂತ ಕೂಗಿ ಹೇಳಬೇಕು. ನಾವು ರಟ್ಟಿನ ಕೇಕ್ ಮಾಡಿದೆವು. ಹನ್ನೊಂದು ತುಂಡು, ಒಂದರ ಹಿಂದೆ ಕಾಳಿನ ಚಿತ್ರ. ನಮ್ಮಲ್ಲಿ ಚಿಕ್ಕವನು ಆ ವರ್ಷ ಸೇರಿದ ಹುಡುಗ. ಸೆಪ್ಟೆಂಬರಿನಿಂದ ಹೆಸರು ಬಿಟ್ಟು ಬೇರೆ ಏನೂ ಹೇಳಿದವನಲ್ಲ, ಅದನ್ನೂ ನೆಲ ನೋಡಿಕೊಂಡೇ ಹೇಳುತ್ತಿದ್ದ. ಮೇಜಿನ ಕೆಳಗೆ ಹೋದ. ‘ಸೆ ಪೂರ್ ಕೀ?’ ಅಂತ ಕೇಳಿದೆವು. ಇದು ಯಾರಿಗೆ?

ಮಾತಿಲ್ಲ. ನಾನು ಕೈ ಹಿಂದೆ ಕಟ್ಟಿಕೊಂಡು ಬೆರಳು ಎಣಿಸಿದೆ. ಒಂಬತ್ತಕ್ಕೆ ಕೆಳಗಿನಿಂದ ದನಿ ಬಂತು, ‘ಸೆ ಪೂರ್...’ ಅಂತ ಒಬ್ಬರ ಹೆಸರು. ಎರಡನೇದಕ್ಕೆ ಆರು ಬೆರಳು. ನಾಲ್ಕನೇದಕ್ಕೆ ನಾವು ಪ್ರಶ್ನೆ ಮುಗಿಸೋಕೂ ಬಿಡಲಿಲ್ಲ. ಮುಖ ಕಾಣಿಸದಿದ್ದರೆ ಮಾತು ಬರುತ್ತದೆ ಅಂತ ಅವತ್ತು ಗೊತ್ತಾಯಿತು. ಅಲ್ಲಿಂದ ಪ್ರತಿ ಸಭೆಯಲ್ಲೂ ಹತ್ತು ನಿಮಿಷ ಎಲ್ಲರೂ ಗೋಡೆ ಕಡೆ ತಿರುಗಿ ಕೂತು ಮಾತಾಡುತ್ತಿದ್ದೆವು.

ಪರೀಕ್ಷೆ ಬಗ್ಗೆ ಕೇಳಿದಿರಿ. ಡೆಲ್ಫ್ ಎ1, ಅಂದರೆ ಫ್ರೆಂಚ್ ಕಲಿಯುವವರಿಗೆ ಫ್ರಾನ್ಸ್ ಸರ್ಕಾರ ಪ್ರಮಾಣಪತ್ರ ಕೊಡುವ ಆರಂಭದ ಹಂತದ ಪರೀಕ್ಷೆ, ಬರೆಯುವ ಯೋಚನೆ ಇದ್ದರೆ ಇಷ್ಟು ನೋಡಿ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ಒಂದೊಂದಕ್ಕೂ 25 ಅಂಕ. ಒಟ್ಟು 50 ಬಂದರೆ ಪಾಸು. ಆದರೆ ಯಾವುದಾದರೂ ಒಂದರಲ್ಲಿ 5ಕ್ಕಿಂತ ಕಡಿಮೆ ಬಂದರೆ ಉಳಿದದ್ದರಲ್ಲಿ ಪೂರ್ತಿ ಬಂದರೂ ಫೇಲು. ಅಂದರೆ ಬಾಯಿ ಬಿಡದವರಿಗೆ ಅಲ್ಲೂ ದಾರಿಯಿಲ್ಲ. ಮಾತಿನ ಭಾಗದಲ್ಲಿ ಮೊದಲು ಕೇಳೋದು ನಿಮ್ಮ ಪರಿಚಯ. ಆಮೇಲೆ ಚೀಟಿಯಲ್ಲಿರುವ ಪದ ನೋಡಿ ನೀವೇ ಪ್ರಶ್ನೆ ಕೇಳಬೇಕು. ದುಂಡಗೆ ಕೂತು ಪ್ರತಿ ವಾರ ಅದನ್ನೇ ಮಾಡಿದ್ದರೆ ಬೇರೆ ತಯಾರಿ ಜಾಸ್ತಿ ಬೇಕಿಲ್ಲ. ಸಿನಿಮಾ ತೋರಿಸಲೇಬೇಕು ಅಂದರೆ ಹತ್ತು ನಿಮಿಷದ ತುಂಡು ಸಾಕು, ಫ್ರೆಂಚ್ ಸಬ್‌ಟೈಟಲ್ ಹಾಕಿ, ಮೂರು ಸಲ ತೋರಿಸಿ. ಎರಡು ಗಂಟೆ ಕತ್ತಲೆಯಲ್ಲಿ ಕೂರೋದು ಭಾಷೆ ಕ್ಲಬ್ಬಿನ ಕೆಲಸ ಅಲ್ಲ.

ಗೆಳತಿ ವಾಪಸ್ ಬರಲಿಲ್ಲ. ಎರಡನೇ ವರ್ಷದ ಶುರುವಿನಲ್ಲೇ ಹೋಗಿ ಕೇಳಿದ್ದೆ, ತಪ್ಪಾಯಿತು ಅಂತಲೂ ಹೇಳಿದ್ದೆ. ಬೇಜಾರಿಲ್ಲ, ಆದರೆ ಬರಲ್ಲ ಅಂದಳು. ಅವಳ ಹೆಸರನ್ನು ಇಲ್ಲೂ ನಾನು ಹೇಳಲ್ಲ.

ಆ ವರ್ಷದ ಮಾರ್ಚ್ 20ಕ್ಕೆ ಅದೇ ಮೇಷ್ಟ್ರನ್ನು ಕರೆದೆವು. ವೇದಿಕೆ ಇಲ್ಲ, ನಾಟಕ ಇಲ್ಲ. ಒಂದು ಮೇಜು, ಸುತ್ತ ಕುರ್ಚಿ, ಒಬ್ಬೊಬ್ಬರೂ ಅವರಿಗೆ ಒಂದು ಪ್ರಶ್ನೆ ಕೇಳಬೇಕು. ನಾನು ಬೇಕಂತಲೇ ಬಾಗಿಲ ಹತ್ತಿರ ನಿಂತೆ. ಆ ಚಿಕ್ಕ ಹುಡುಗನ ಸರದಿ ಬಂತು. ಸುಮಾರು ಹೊತ್ತು ಸುಮ್ಮನಿದ್ದು, ‘ತು ಆ ಕೆಲ್ ಆಜ್?’ ಅಂದ. ನಿನಗೆ ವಯಸ್ಸೆಷ್ಟು ಅಂತ. ಅಷ್ಟು ಹಿರಿಯರಿಗೆ ‘ವು’ ಅನ್ನಬೇಕಿತ್ತು, ನಾವು ‘ನೀವು’ ಅನ್ನುವ ಹಾಗೆ. ‘ತು’ ಅಂದುಬಿಟ್ಟ. ತಿದ್ದೋಕೆ ನನ್ನ ನಾಲಿಗೆ ತುದಿಗೇ ಬಂದಿತ್ತು. ತಿದ್ದಲಿಲ್ಲ.

ಮೇಷ್ಟ್ರು ಅವನ ಕಡೆ ಬಾಗಿ, ನಿಧಾನವಾಗಿ, ‘ಸ್ವಸಾಂತ್ ದೂಜ್’ ಅಂದರು. ಹುಡುಗ ಕೈಬೆರಳು ಮಡಿಸುತ್ತಾ ಅರವತ್ತಕ್ಕೆ ಹನ್ನೆರಡು ಕೂಡಿಸಿ, ಎದುರಿಗಿದ್ದ ಹಾಳೆಯ ಮೇಲೆ 72 ಅಂತ ಬರೆದು, ಎತ್ತಿ ಅವರಿಗೆ ತೋರಿಸಿದ.