ಕೆಂಪಿ ದಪ್ಪಗಾಗಿದ್ದಾಳೆ: ಊಟ ಎಷ್ಟು, ಎಷ್ಟು ದಿನಕ್ಕೊಮ್ಮೆ?

ಪ್ರಶ್ನೆ: ಡಾಕ್ಟರ್ ಮೇಡಂ, ನಮಸ್ಕಾರ. ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ನನ್ನ ಹತ್ತಿರ ಆರು ವರ್ಷದ ಹೆಣ್ಣು ಕಾರ್ನ್ ಸ್ನೇಕ್ (ವಿಷವಿಲ್ಲದ ಸಾಕುಹಾವು) ಇದೆ, ಹೆಸರು ಕೆಂಪಿ, ಉದ್ದ ನಾಲ್ಕು ಅಡಿ. ಎರಡು ವರ್ಷದ ಹಿಂದೆ 510 ಗ್ರಾಂ ಇದ್ದಳು, ಈಗ 790. ಮಾರಿದವರು ಹೇಳಿದ ಹಾಗೆ ವಾರಕ್ಕೆ ಎರಡು ದೊಡ್ಡ ಬಿಳಿ ಇಲಿ ಕೊಡುತ್ತೇನೆ, ಒಂದೊಂದು 30 ಗ್ರಾಂ ತೂಗುತ್ತೆ. ಆದರೂ ಎರಡೇ ದಿನಕ್ಕೆ ಗಾಜಿನ ಹತ್ತಿರ ಬಂದು ಮೂತಿ ಎತ್ತಿ ನಿಲ್ಲುತ್ತಾಳೆ. ಹೋದ ವಾರ ಊಟ ಮಾಡಿದ ಮರುದಿನ ಗೆಳೆಯರಿಗೆ ತೋರಿಸಲು ಎತ್ತಿಕೊಂಡಿದ್ದೆ, ಅವತ್ತೇ ರಾತ್ರಿ ಇಲಿಯನ್ನು ಕಕ್ಕಿಬಿಟ್ಟಳು. ಅವತ್ತು ಕರೆಂಟೂ ಇರಲಿಲ್ಲ. ಎಪಿಎಂಸಿಯಲ್ಲಿ ಅಂಗಡಿ ಇರುವ ಮಾವ ಗೋದಾಮಿನ ಇಲಿ ಹಿಡಿದುಕೊಡ್ತೀನಿ ಅಂತಾರೆ, ಅಜ್ಜಿ ಹಾಲಿಡು ಅಂತಾರೆ. ಡಯಟ್ ಮಾಡಿಸೋದು ಹೇಗೆ? ಗಂಡು ಹಾವು ಇಲ್ಲದಿದ್ದರೂ ಮೊಟ್ಟೆ ಇಡುತ್ತಾಳಾ?

ಉತ್ತರ: ನೀವು ಕಳಿಸಿದ ಫೋಟೊ ನೋಡಿದೆ. ಬಾಲ ಶುರುವಾಗುವಲ್ಲಿ ಎರಡೂ ಕಡೆ ಉಬ್ಬಿದೆ, ಅದರಾಚೆ ಬಾಲ ಇದ್ದಕ್ಕಿದ್ದಂತೆ ಸಣ್ಣಗಾಗಿದೆ. ಮೈ ತಿರುವಿದ ಕಡೆ ಮಡಿಕೆ ಬಿದ್ದಿದೆ, ಊಟ ಮಾಡದ ದಿನವೂ ಹುರುಪೆಗಳ ನಡುವಿನ ಚರ್ಮ ಕಾಣುತ್ತಿದೆ. ಇದು ಕೊಬ್ಬು. ಗಾಬರಿ ಬೇಡ, ಆದರೆ ಇವತ್ತಿನಿಂದಲೇ ಊಟದ ಲೆಕ್ಕ ಬದಲಾಗಬೇಕು.

ವಾರಕ್ಕೆ ಎರಡು ಇಲಿ ಎಂದರೆ ತಿಂಗಳಿಗೆ ಹೆಚ್ಚುಕಡಿಮೆ 240 ಗ್ರಾಂ. ಬೆಳವಣಿಗೆ ಮುಗಿಸಿದ ಹೆಣ್ಣು ಕಾರ್ನ್ ಸ್ನೇಕ್‌ಗೆ ಹತ್ತರಿಂದ ಹದಿನಾಲ್ಕು ದಿನಕ್ಕೆ ಒಂದು ಇಲಿ ಧಾರಾಳವಾಗಿ ಸಾಕು. ಕೆಂಪಿ ತನಗೆ ಬೇಕಾದ್ದರ ಮೂರು–ನಾಲ್ಕು ಪಟ್ಟು ತಿನ್ನುತ್ತಿದ್ದಾಳೆ. ಐದರಿಂದ ಏಳು ದಿನಕ್ಕೊಮ್ಮೆ ಊಟ ಕೊಡುವುದು ಮರಿಗಳಿಗೆ, ಅದೂ ಕಣ್ಣು ಬಿಡದ ಪುಟ್ಟ ಇಲಿಮರಿ. ಹಾವು ಬೆಳೆದ ಮೇಲೂ ಅದೇ ಅಂತರ ಇಟ್ಟುಕೊಂಡು ಇಲಿಯ ಗಾತ್ರವನ್ನೂ ದೊಡ್ಡದು ಮಾಡಿದರೆ ಆಗುವುದು ಹೀಗೇ. ಮಾರುವವರು ಈ ಬದಲಾವಣೆಯನ್ನು ಕೊಂಡವರಿಗೆ ಬಿಡಿಸಿ ಹೇಳಲೇಬೇಕು. ಹೇಳದೆ ಕಳಿಸುವುದು ಆ ಜೀವಕ್ಕೆ ಮಾಡುವ ಅನ್ಯಾಯ ಎಂದೇ ನಾನು ಭಾವಿಸುತ್ತೇನೆ.

ಗಾಜಿನ ಬಳಿ ಮೂತಿ ಎತ್ತಿ ನಿಲ್ಲುವುದನ್ನು ನೋಡಿ ನಿಮಗೆ ಕರುಳು ಚುರ್ ಅನ್ನುತ್ತದೆ, ನನಗೆ ಅರ್ಥವಾಗುತ್ತದೆ. ಆದರೆ ಈ ಹಾವಿನ ಮೂಲ ಅಮೆರಿಕದ ಆಗ್ನೇಯ ಭಾಗ, ಫ್ಲಾರಿಡಾ, ಜಾರ್ಜಿಯಾ ಕಡೆಯ ಪೈನ್ ಕಾಡು, ಹೊಲ, ಪಾಳುಬಿದ್ದ ಕೊಟ್ಟಿಗೆಗಳು. ಅಲ್ಲಿ ಮುಂದಿನ ಇಲಿ ಯಾವಾಗ ಸಿಗುತ್ತದೋ ಗೊತ್ತಿಲ್ಲ, ಹಾಗಾಗಿ ಸಿಕ್ಕಾಗಲೆಲ್ಲ ನುಂಗುವುದು ಅದರ ಹುಟ್ಟುಗುಣ. ಜೊತೆಗೆ ನೀವು ಬಾಗಿಲು ತೆಗೆದರೆ ಊಟ ಬರುತ್ತದೆ ಎಂದು ಕೆಂಪಿ ಕಲಿತಿದ್ದಾಳೆ. ಮೂತಿ ಎತ್ತಿದಾಗ ಇಲಿಯ ಬದಲು ಹತ್ತಲು ಗಟ್ಟಿ ಕೊಂಬೆ, ನುಸುಳಲು ರಟ್ಟಿನ ಡಬ್ಬಿ ಕೊಡಿ. ಊಟ ಅರಗಿದ ದಿನಗಳಲ್ಲಿ ಸಂಜೆ ಹೊತ್ತು ಕೋಣೆಯಲ್ಲಿ ನಿಮ್ಮ ಕಣ್ಣೆದುರೇ ಓಡಾಡಿಸಿ. ಆ ಓಡಾಟವೂ ಚಿಕಿತ್ಸೆಯ ಭಾಗವೇ.

ಮೊದಲು ಕಕ್ಕಿದ್ದರ ವಿಷಯ. ಊಟವಾದ ಮೇಲೆ 48 ಗಂಟೆ ಹಾವನ್ನು ಮುಟ್ಟಬಾರದು. ಹೊಟ್ಟೆಯ ಉಬ್ಬು ಇಳಿಯದಿದ್ದರೆ ಇನ್ನೂ ಒಂದೆರಡು ದಿನ ಬಿಡಿ. ಕರೆಂಟು ಹೋದ ಚಳಿಯ ರಾತ್ರಿ ಪೆಟ್ಟಿಗೆಯನ್ನು ಬೆಚ್ಚಗಿಡುವ ಹೀಟ್ ಮ್ಯಾಟ್ ತಣ್ಣಗಾದರೆ ಹೊಟ್ಟೆಯಲ್ಲಿರುವ ಇಲಿ ಅರಗುವುದಿಲ್ಲ. ನಿಮ್ಮ ಮನೆಯಲ್ಲಿ ಎರಡೂ ಒಟ್ಟಿಗೆ ಆಗಿವೆ. ಪೆಟ್ಟಿಗೆಯ ಒಂದು ಬದಿ 29ರಿಂದ 31 ಡಿಗ್ರಿ, ಇನ್ನೊಂದು ಬದಿ 24ರ ಆಸುಪಾಸು ಇರಲಿ, ಮ್ಯಾಟಿಗೆ ಬಿಸಿಯನ್ನು ತಾನಾಗಿ ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಕಡ್ಡಾಯ. ನಮ್ಮೂರ ಏಪ್ರಿಲ್–ಮೇ ಬಿಸಿಲಿಗೆ ಕೋಣೆಯೇ ಕಾದುಬಿಡುತ್ತದೆ. ಆಗ ಪೆಟ್ಟಿಗೆಯನ್ನು ನೆಲದ ಮೇಲೆ, ಮನೆಯ ತಂಪಾದ ಕೋಣೆಗೆ ಇಳಿಸಿ. 35 ದಾಟಿದರೆ ಜೀವಕ್ಕೇ ಅಪಾಯ. ಕಕ್ಕಿದ ದಿನದಿಂದ ಎರಡು ವಾರ ಏನೂ ಕೊಡಬೇಡಿ, ಶುದ್ಧ ನೀರು ಮಾತ್ರ ಸದಾ ಇರಲಿ. ಆಮೇಲೆ ಮಾಮೂಲಿನ ಅರ್ಧ ಗಾತ್ರದ ಇಲಿ. ಅದೂ ಹೊರಗೆ ಬಂದರೆ ಮನೆಮದ್ದು ಹುಡುಕದೆ ವೈದ್ಯರ ಹತ್ತಿರ ಹೋಗಿ.

ಅದು ಅರಗಿದರೆ ಮುಂದಿನ ಆರು ತಿಂಗಳು ಇಪ್ಪತ್ತೊಂದು ದಿನಕ್ಕೊಂದು ಇಲಿ, 20ರಿಂದ 25 ಗ್ರಾಂ ಒಳಗಿನದು. ಮರಿ ಹಾಕಿ ಹಾಕಿ ಮುದಿಯಾದ ಕೊಬ್ಬಿದ ಇಲಿ ಬೇಡ. ಫ್ರೋಜನ್ ಇಲಿಯನ್ನು ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿ, ಕೊಡುವ ಮುಂಚೆ ಕವರ್ ಸಮೇತ ಬೆಚ್ಚನೆ ನೀರಿನಲ್ಲಿಡಿ, ಇಕ್ಕಳದಲ್ಲಿ ಹಿಡಿದು ಕೊಡಿ. ಪೂರ್ತಿ ಉಪವಾಸ ಕೆಡವಿ ಬೇಗ ಇಳಿಸುವ ಯೋಚನೆ ಮಾತ್ರ ಬೇಡವೇ ಬೇಡ. ದಪ್ಪ ಹಾವು ಏಕಾಏಕಿ ಬಹುಕಾಲ ಊಟ ಬಿಟ್ಟರೆ ಮೈಯ ಕೊಬ್ಬು ಕರಗಿ ಯಕೃತ್ತಿನಲ್ಲಿ ತುಂಬಿಕೊಂಡು ಅದೇ ಕಾಯಿಲೆಯಾಗಬಹುದು. ತಿಂಗಳಿಗೆ ಹತ್ತು–ಹದಿನೈದು ಗ್ರಾಂ ಇಳಿದರೆ ನನಗೆ ಸಂತೋಷ. ವರ್ಷ ಹಿಡಿದರೂ ಚಿಂತೆಯಿಲ್ಲ, ಚೆನ್ನಾಗಿ ನೋಡಿಕೊಂಡರೆ ಕಾರ್ನ್ ಸ್ನೇಕ್ ಹದಿನೈದು–ಇಪ್ಪತ್ತು ವರ್ಷ ಬಾಳುತ್ತದೆ.

ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ಆದರೆ ಕೆಂಪಿಗೆಂದೇ ಬೇರೆಯದೊಂದು ಕೊಳ್ಳಿ. ಹಾವಿನ ಮೈಯಿಂದ ಸಾಲ್ಮೊನೆಲ್ಲಾ ರೋಗಾಣು ಬರಬಹುದು, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಗಾಳಿಯಾಡುವ ಮುಚ್ಚಳದ ಡಬ್ಬಿಯ ತೂಕ ಕಳೆದು, ತಿಂಗಳಿಗೊಮ್ಮೆ, ಮಲ ವಿಸರ್ಜನೆಯಾದ ಮೇಲೆ ಮತ್ತು ಊಟಕ್ಕೆ ಮುಂಚೆ ತೂಗಿ. 600–650ರ ಹತ್ತಿರ ಬಂದಾಗ ಅಂಕಿಯನ್ನು ಬಿಟ್ಟು ಮೈ ನೋಡೋಣ: ಮಡಿಕೆ ಹೋಗಿರಬೇಕು, ಬೆನ್ನುಮೂಳೆ ಮಾತ್ರ ಏಣಿನಂತೆ ಎದ್ದು ಕಾಣಬಾರದು.

ಇನ್ನು ಮೊಟ್ಟೆ. ಹೌದು, ಗಂಡಿನ ಸಂಗವಿಲ್ಲದೆಯೂ ಇಡಬಹುದು, ಅವು ಸಾಮಾನ್ಯವಾಗಿ ಮರಿಯಾಗುವುದಿಲ್ಲ. ಹೆಣ್ಣು ಹಾವಿನ ತೂಕದ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳುತ್ತಿರುವುದು ಇದಕ್ಕಾಗಿಯೇ. ಕೊಬ್ಬು ತುಂಬಿ ಮೈಕಸುವಿಲ್ಲದ ಹೆಣ್ಣಿಗೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವ ಅಪಾಯ ಹೆಚ್ಚು, ಅದು ಪ್ರಾಣವನ್ನೇ ತೆಗೆಯುತ್ತದೆ. ಸಾಮಾನ್ಯವಾಗಿ ಚಳಿ ಕಳೆದ ಮೇಲೆ, ಬೇಸಿಗೆಯ ಹೊತ್ತಿಗೆ ಇದನ್ನು ನಿರೀಕ್ಷಿಸಿ. ಊಟ ಕಡಿಮೆ ಮಾಡಿದ್ದರೂ ತೂಕ ಏರಿದರೆ, ಮೈಯ ಹಿಂಭಾಗದ ಮೂರನೇ ಒಂದು ಪಾಲು ಗಂಟುಗಂಟಾಗಿ ಉಬ್ಬಿದರೆ, ಇಲಿಯನ್ನು ತಾನಾಗಿ ನಿರಾಕರಿಸಿದರೆ ಡಯಟ್ ನಿಲ್ಲಿಸಿ. ಅದು ಒಳಗೆ ಮೊಟ್ಟೆ ಕಟ್ಟಿರುವ ಲಕ್ಷಣ. ಒದ್ದೆ ಪಾಚಿ ಅಥವಾ ತೆಂಗಿನ ನಾರಿನ ಪುಡಿ ತುಂಬಿದ, ನುಸುಳುವಷ್ಟು ತೂತಿರುವ ಡಬ್ಬಿ ಇಡಿ. ಒಮ್ಮೆ ಪೊರೆ ಬಿಟ್ಟು, ಸುಮಾರು ಒಂದೂವರೆ ವಾರಕ್ಕೆ ಮೊಟ್ಟೆ ಇಡುತ್ತಾಳೆ. ಇಟ್ಟ ಮೇಲೆ ಸೊರಗಿರುತ್ತಾಳೆ, ಆಗ ಚಿಕ್ಕ ಇಲಿಯನ್ನು ವಾರಕ್ಕೊಂದರಂತೆ ಕೆಲವು ವಾರ ಕೊಡಿ. ಕೆಲವು ಮೊಟ್ಟೆ ಇಟ್ಟು ನಿಂತು, ಒಳಗೆ ಇನ್ನೂ ಗಂಟು ಕಂಡು ಎರಡು ದಿನ ಕಳೆದರೆ ಒತ್ತಿ ಹೊರಗೆ ತಳ್ಳಲು ಹೋಗಬೇಡಿ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೋ ಫೋನ್ ಮಾಡಿ, ಹಾವು ನೋಡುವ ವೈದ್ಯರು ಯಾರೆಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ.

ಮಾವನ ಗೋದಾಮಿನ ಇಲಿ ಖಂಡಿತ ಬೇಡ. ಮೆಕ್ಕೆಜೋಳದ ಚೀಲಗಳ ನಡುವೆ ಪಾಷಾಣ ಇಟ್ಟಿರುತ್ತಾರೆ, ವಿಷ ತಿಂದ ಇಲಿ ಹಾವಿನ ಹೊಟ್ಟೆ ಸೇರಿದರೆ ಅದಕ್ಕೂ ವಿಷವೇ. ಹುಳುವಿನ ಕಾಟ ಬೇರೆ. ಅಜ್ಜಿಗೆ ಹೀಗೆ ಹೇಳಿ: ನಾಗರ ಪಂಚಮಿಯ ಭಕ್ತಿ ಕಲ್ಲಿನ ನಾಗಪ್ಪನಿಗೆ ಸಲ್ಲಲಿ, ಜೀವಂತ ಹಾವಿಗೆ ಹಾಲು ಅರಗುವುದಿಲ್ಲ.

ಮುಂದಿನ ಮೂರು ತಿಂಗಳ ಕೆಂಪಿಯ ತೂಕ, ಕೊಟ್ಟ ಇಲಿಯ ತೂಕ, ಪೊರೆ ಬಿಟ್ಟ ತಾರೀಕು ನೋಟ್‌ಬುಕ್ಕಿನಲ್ಲಿ ಬರೆದು, ಬಾಲದ ಬುಡ ಕಾಣುವ ಹಾಗೆ ಮೇಲಿನಿಂದ ತೆಗೆದ ಫೋಟೊ ಜೊತೆ ಕಳಿಸಿ. ಇಪ್ಪತ್ತೊಂದು ದಿನದ ಅಂತರವನ್ನು ಹದಿನೇಳಕ್ಕೆ ಇಳಿಸಬಹುದೇ ಎಂದು ಆಗ ತಿಳಿಸುತ್ತೇನೆ.