ಅಟ್ಟದ ಕತ್ತಲಲ್ಲಿ ಬೆಳೆದ ಬೆಕ್ಕಿನ ಮರಿಗಳಿಗೆ ಕಣ್ಣು ಕಾಣದೇ ಹೋಗುತ್ತದೆಯೇ?

ಅಟ್ಟದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಆಷಾಢದ ಮಳೆಯಲ್ಲಿ ನಮ್ಮ ತೀರ್ಥಹಳ್ಳಿ ಕಡೆಯ ಬೆಕ್ಕುಗಳು ಇನ್ನೆಲ್ಲಿ ಮರಿ ಹಾಕಬೇಕು? ಹೆಂಚಿನ ಸಂದಿಯಿಂದ ಇಳಿಯುವ ಬೆಳಕು ಸಾಕು. ಮೇಲಾಗಿ ತಾಯಿ ಏಳು ಮನೆ ತಿರುಗಿಸದೆ ಬಿಡುವುದಿಲ್ಲ. ನನಗೆ ಚಿಂತೆ ಹತ್ತಿಸಿದ್ದು ನಿಮ್ಮ ಕೊನೆಯ ಸಾಲು: ತಿಂಗಳು ತುಂಬುತ್ತಿರುವ ಒಂದು ಮರಿಯ ಎಡಗಣ್ಣು ಗೀಜು ಕಟ್ಟಿ ಮುಚ್ಚಿಕೊಂಡಿದೆ, ತಾನೇ ಬಿಡುತ್ತದೆ ಎನ್ನುತ್ತಾರೆ ಮನೆಯವರು ಅಂದಿರಿ. ಕಾಯಬೇಡಿ.

ಎಳೆತನದಲ್ಲಿ ಮುಚ್ಚಿಯೇ ಉಳಿದ ಕಣ್ಣನ್ನು ಮಿದುಳು ಕೈಬಿಡುತ್ತದೆ. ವಿಜ್ಞಾನಿಗಳಾದ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ 1963ರಲ್ಲಿ ತೋರಿಸಿದ್ದು ಇದನ್ನೇ. ಎಳೆ ಮರಿಯ ಒಂದು ಕಣ್ಣಿನ ರೆಪ್ಪೆ ಹೊಲಿದು, ಎರಡು ಮೂರು ತಿಂಗಳ ಮೇಲೆ ಬಿಚ್ಚಿದರು. ಕಣ್ಣೇನೋ ಚೆನ್ನಾಗಿಯೇ ಇತ್ತು. ಆದರೆ ಮಿದುಳಿನ ದೃಷ್ಟಿ ಭಾಗದ ನರಕೋಶಗಳು ಬಹುಪಾಲು ತೆರೆದ ಕಣ್ಣಿಗೆ ಮಾತ್ರ ಓಗೊಡುತ್ತಿದ್ದವು. ಬೆಳೆದ ಬೆಕ್ಕಿಗೆ ಹೀಗೆ ಮಾಡಿದರೆ ಏನೂ ಆಗಲಿಲ್ಲ. ನಾಲ್ಕು-ಐದನೇ ವಾರವಂತೂ ತೀರಾ ನಾಜೂಕು, 3-4 ದಿನ ಮುಚ್ಚಿದ್ದರೂ ಪರಿಣಾಮ ಕಾಣುತ್ತದೆ. ಇನ್ನೂ ವಿಚಿತ್ರವೆಂದರೆ ಎರಡೂ ಕಣ್ಣು ಮುಚ್ಚಿದಾಗ ಇಷ್ಟೊಂದು ನರಕೋಶಗಳು ಕಣ್ಣಿಗೆ ಓಗೊಡುವುದನ್ನು ನಿಲ್ಲಿಸಲಿಲ್ಲ. ಅಂದರೆ ಬೆಳಕಿಲ್ಲದ್ದಷ್ಟೇ ಅಲ್ಲ, ಪೈಪೋಟಿಯೂ ಕಾರಣ: ಯಜಮಾನ ಊರಲ್ಲಿಲ್ಲದಾಗ ಪಕ್ಕದ ತೋಟದವರು ಬೇಲಿ ಸರಿಸಿದ ಹಾಗೆ. 1981ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆ ಮರಿಗಳನ್ನು ನೆನೆದರೆ ನನಗೆ ಈಗಲೂ ಕಸಿವಿಸಿಯೇ.

ಮರಿಗಳಿಗೆ ಒಂದೇ ದಿಕ್ಕಿನ ಪಟ್ಟೆಗಳನ್ನಷ್ಟೇ ತೋರಿಸಿ ಬೆಳೆಸಿದ ಪ್ರಯೋಗದ ಬಗ್ಗೆಯೂ ಕೇಳಿದ್ದೀರಿ. ಅದು ಕೇಂಬ್ರಿಜ್‌ನ ವಿಜ್ಞಾನಿಗಳಾದ ಬ್ಲೇಕ್‌ಮೋರ್ ಮತ್ತು ಕೂಪರ್ ಅವರದು, 1970ರದ್ದು. ಬರೀ ಉದ್ದ ಗೆರೆ ನೋಡಿ ಬೆಳೆದ ಮರಿಯ ನರಕೋಶಗಳು ಅಡ್ಡ ಗೆರೆಗೆ ಸ್ಪಂದಿಸಲಿಲ್ಲ ಎಂದರು. ಮುಂದೆ ಬೇರೆಯವರು ಮಾಡಿದಾಗ ಅಷ್ಟು ಖಡಾಖಂಡಿತವಾಗಿ ಬರಲಿಲ್ಲ, ಹಾಗಾಗಿ ಅದನ್ನೇ ನೆಚ್ಚಬೇಡಿ.

ಮಕ್ಕಳಲ್ಲೂ ಹುಟ್ಟು ಪೊರೆ, ಮೆಳ್ಳೆಗಣ್ಣನ್ನು ವೈದ್ಯರು ಬೇಗ ಸರಿಪಡಿಸುವುದು, ಚೆನ್ನಾಗಿರುವ ಕಣ್ಣಿಗೆ ಪಟ್ಟಿ ಕಟ್ಟಿ ಸೋತ ಕಣ್ಣಿಗೆ ಕೆಲಸ ಕೊಡುವುದು ಇದೇ ಕಾರಣಕ್ಕೆ.

ಈಗ ನಿಮ್ಮ ಮರಿ. ಕುದಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ, ಗೀಜು ನೆನೆಯುವವರೆಗೆ ಮೆಲ್ಲಗೆ ಒತ್ತಿ ಒರೆಸಿ, ರೆಪ್ಪೆ ಎಳೆದು ಬಿಡಿಸಬೇಡಿ. ಎದೆಹಾಲು, ಮನೆಯಲ್ಲಿ ಉಳಿದ ನಿಮ್ಮ ಕಣ್ಣಿನ ಡ್ರಾಪ್ಸ್ ಎರಡೂ ಬೇಡ. ನಾಳೆಯೇ ಪಶು ಆಸ್ಪತ್ರೆಗೆ ಒಯ್ಯಿರಿ. ಉಳಿದ ಮರಿಗಳನ್ನೂ ಬುಟ್ಟಿಗೆ ಹಾಕಿಕೊಳ್ಳಿ, ಇದು ಸೋಂಕಾಗಿದ್ದರೆ ಒಂದರಿಂದ ಒಂದಕ್ಕೆ ಹತ್ತುತ್ತದೆ.